ತಾಲೀಮಿಗೆ ಬರುವ ಮಕ್ಕಳ ಸುರಕ್ಷತೆ: ಕ್ಲಬ್‌ನವರು ಏನು ಮಾಡಬೇಕು?

ಬಾಗಲಕೋಟೆಯ ಗರಡಿ ಇರಲಿ, ವಿಜಯಪುರದ ಸೈಕ್ಲಿಂಗ್ ತಂಡ ಇರಲಿ, ಮಗುವನ್ನು ಬಿಟ್ಟು ಹೋಗುವಾಗ ಅಪ್ಪ-ಅವ್ವ ಹೇಳುವುದು ಒಂದೇ ಮಾತು: 'ಸರ್, ಇನ್ನ ಇವ ನಿಮ್ಮ ಹುಡುಗ.' ಈ ನಂಬಿಕೆ ಒಳ್ಳೆಯದೇ. ಆದರೆ ಬರೀ ನಂಬಿಕೆ ಮೇಲೆ ಕ್ಲಬ್ ನಡೆಸಬೇಡಿ. ನಿಯಮ ಇದ್ದರೆ ಒಳ್ಳೆಯ ಕೋಚ್ ಮೇಲೆ ಸುಮ್ನೆ ಅನುಮಾನವೂ ಬರುವುದಿಲ್ಲ.

ಮೊದಲು, ಮಕ್ಕಳ ದೂರು ಕೇಳಲು ಒಬ್ಬರನ್ನು ಗೊತ್ತು ಮಾಡಿ. ಅವರು ಕೋಚ್ ಆಗಿರಬಾರದು, ಕೋಚ್ ಮನೆಯವರೂ ಆಗಿರಬಾರದು. ಹುಡುಗಿಯರು ಬರುವ ಕಡೆ ಒಬ್ಬ ಮಹಿಳೆ ಬೇಕೇ ಬೇಕು. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಅನ್ನುವುದು ಕೋಚ್ ಕೈಯಲ್ಲಿರುತ್ತದೆ ಅಲ್ವಾ, ಅಂಥವರ ಮೇಲಿನ ದೂರನ್ನು ಅವರ ಹತ್ತಿರವೇ ಹೇಳು ಅಂದರೆ ಯಾವ ಮಗು ಬಾಯಿ ಬಿಡುತ್ತದೆ? ಈ ವ್ಯಕ್ತಿಯ ಫೋನ್ ನಂಬರನ್ನೂ ಮಕ್ಕಳ ಸಹಾಯವಾಣಿ 1098 ಅನ್ನೂ ಗೋಡೆ ಮೇಲೆ ದೊಡ್ಡದಾಗಿ ಬರೆಸಿ.

ಹೊಸ ಕೋಚ್ ಬಂದರೆ, ಹಿಂದೆ ಇದ್ದ ಕ್ಲಬ್‌ಗೆ ಫೋನ್ ಹಚ್ಚಿ ಯಾಕೆ ಬಿಟ್ಟರು ಅಂತ ಕೇಳಿ. ಪದಕ ಎಷ್ಟು ಅಂತ ಮಾತ್ರ ಕೇಳಿದರೆ ಸಾಲದು.

ಆಮೇಲೆ ಎಲ್ಲಕ್ಕಿಂತ ಮುಖ್ಯವಾದ ನಿಯಮ: ದೊಡ್ಡವರೊಬ್ಬರು ಒಂದು ಮಗುವಿನ ಜೊತೆ ಯಾರ ಕಣ್ಣಿಗೂ ಬೀಳದ ಕಡೆ ಇರಬಾರದು. ಕಾರಿನಲ್ಲಿ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಬೆಳಗಾವಿಯಿಂದ ದಾವಣಗೆರೆಗೆ ಟೂರ್ನಮೆಂಟ್‌ಗೆ ಹೋದಾಗ ಲಾಡ್ಜ್ ರೂಮಿನಲ್ಲಿ, ಎಲ್ಲ ಕಡೆಯೂ ಇದೇ. ಫೋನಿನಲ್ಲೂ ಅಷ್ಟೇ: ಸಂದೇಶ ಏನಿದ್ದರೂ ಪಾಲಕರೂ ಇರುವ ಗುಂಪಿಗೆ ಹಾಕಿ, ರಾತ್ರಿ ಹತ್ತಕ್ಕೆ ಮಗುವಿಗೆ ಒಬ್ಬಂಟಿಯಾಗಿ ಮೆಸೇಜ್ ಕಳಿಸುವ ಕೆಲಸ ಯಾವ ಕೋಚ್‌ಗೂ ಇರುವುದಿಲ್ಲ.

ಮಾಲಿಷ್ ವಿಷಯ ಸ್ವಲ್ಪ ಸೂಕ್ಷ್ಮ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್ ಚಿಕಿತ್ಸೆಯ ನೆಪದಲ್ಲೇ ವರ್ಷಾನುಗಟ್ಟಲೆ ಹುಡುಗಿಯರ ಮೇಲೆ ದೌರ್ಜನ್ಯ ಎಸಗಿದ, ಕೆಲವೊಮ್ಮೆ ತಾಯಿ-ತಂದೆ ಅದೇ ಕೋಣೆಯಲ್ಲಿದ್ದಾಗಲೂ. 2018ರ ಜನವರಿಯಲ್ಲಿ ಅವನಿಗೆ 40ರಿಂದ 175 ವರ್ಷ ಜೈಲಾಯಿತು. ಹಾಗಾಗಿ ಬರೀ ಪಕ್ಕದಲ್ಲಿ ಇನ್ನೊಬ್ಬರು ಕೂತರೆ ಆಗಲಿಲ್ಲ. ಎಲ್ಲಿ ಮುಟ್ಟುತ್ತೇನೆ, ಯಾಕೆ ಅಂತ ಮಗುವಿಗೆ ಮೊದಲೇ ಹೇಳಬೇಕು. ಮಗು ಬೇಡ ಅಂದರೆ ಬೇಡ.

ಇನ್ನು ಹೊಡೆತ. ವಸ್ತಾದ ನಾಲ್ಕು ಬಾರಿಸಿದರೇನೇ ಹುಡುಗ ಹದಕ್ಕೆ ಬರುವುದು ಅನ್ನುವವರು ಈಗಲೂ ಇದ್ದಾರೆ. ತನ್ನ ಕೈಕೆಳಗಿನ ಮಗುವಿಗೆ ಹೊಡೆದು ಹಿಂಸೆ ಕೊಟ್ಟರೆ 2015ರ ಬಾಲ ನ್ಯಾಯ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲಿದೆ. ಕುಸ್ತಿಗೆ ತೂಕ ಇಳಿಸಲು ನೀರು ಬಿಡಿಸಿ ಬೆವರಿಳಿಸುವುದನ್ನೂ ಮಕ್ಕಳಿಗೆ ಮಾಡಿಸಬೇಡಿ, ಬೇಕಾದರೆ ಮೇಲಿನ ತೂಕದಲ್ಲಿ ಆಡಲಿ.

ಒಂದು ವೇಳೆ ಮಗು ಬಂದು ಹೇಳಿತು ಅನ್ನಿ. ಸುಮ್ಮನೆ ಕೇಳಿ. 'ಯಾರಿಗೂ ಹೇಳೋದಿಲ್ಲ' ಅಂತ ಮಾತು ಕೊಡಬೇಡಿ, ಆ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ. ಪದೇ ಪದೇ ಪ್ರಶ್ನೆ ಕೇಳಬೇಡಿ, ಮಗು ಹೇಳಿದ ಮಾತನ್ನೇ ಬರೆದಿಡಿ. ಆರೋಪ ಇರುವವರನ್ನು ಎದುರಿಗೆ ಕೂರಿಸಿ ವಿಚಾರಿಸುವುದಂತೂ ಬೇಡವೇ ಬೇಡ.

ಲೈಂಗಿಕ ದೌರ್ಜನ್ಯ ಆಗಿದ್ದರೆ ನೇರ ಪೊಲೀಸರಿಗೆ ಹೇಳಿ. ನಮ್ಮ ಕಡೆ ನಾಲ್ಕು ಹಿರಿಯರನ್ನು ಕೂಡಿಸಿ ಬಗೆಹರಿಸೋಣ, ಕ್ಲಬ್ ಹೆಸರು ಕೆಡುತ್ತದೆ ಅನ್ನುವವರು ಬಂದೇ ಬರುತ್ತಾರೆ. 2012ರ ಪೋಕ್ಸೊ ಕಾಯ್ದೆ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ತಿಳಿಸಲೇಬೇಕು. ತನ್ನ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು, ದಂಡ ಎರಡೂ ಇದೆ. ಒಳ್ಳೆಯ ಉದ್ದೇಶದಿಂದ ಹೇಳಿದವರ ಮೇಲೆ ಕೇಸು ಬರುವುದಿಲ್ಲ. 18 ತುಂಬದ ಹುಡುಗರಿಗೂ ಈ ಕಾಯ್ದೆ ಅನ್ವಯ, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಹೇಳಿಕೆಗೆ ಮಗು ಠಾಣೆಗೆ ಅಲೆಯಬೇಕಿಲ್ಲ. ಮನೆಯಲ್ಲೇ ಕೊಡಬಹುದು, ಬರೆದುಕೊಳ್ಳುವ ಪೊಲೀಸರು ಸಮವಸ್ತ್ರ ಹಾಕಿರಬಾರದು. ಮಗುವಿನ ಹೆಸರು, ಫೋಟೊ ವಾಟ್ಸ್ಆ್ಯಪ್‌ನಲ್ಲಿ ಓಡಾಡದಂತೆ ನೋಡಿಕೊಳ್ಳಿ.

ತನಿಖೆ ಮುಗಿಯುವವರೆಗೆ ಆ ಕೋಚ್ ಮೈದಾನಕ್ಕೆ ಬರಬಾರದು. ಎಷ್ಟೋ ಕಡೆ ಇದು ಉಲ್ಟಾ ಆಗುತ್ತದೆ, ಹುಡುಗಿಯನ್ನೇ ಮನೆಯಲ್ಲಿ ಕೂರಿಸುತ್ತಾರೆ. ಅವಳಿಗೆ ಬೇರೆ ಕೋಚ್ ಕೊಟ್ಟು ಮಾರನೇ ದಿನವೇ ತಾಲೀಮಿಗೆ ಕರೆಯಿರಿ, ಅವಳಿಗೆ ಮನಸ್ಸಿದ್ದರೆ.