ಪುಟ್ಟ ಮಕ್ಕಳಿಗೆ ಪಿಯಾನೊ: ಮೊದಲು ಕಪ್ಪು ಕೀ, ಆಮೇಲೆ ಬಿಳಿ

ನಾಲ್ಕೈದು ವರ್ಷದ ಮಗುವಿಗೆ ಮೊದಲ ದಿನವೇ ‘ಇದು ಸಿ, ಇದು ಡಿ’ ಎಂದು ಪಾಶ್ಚಾತ್ಯ ಸ್ವರಗಳ ಹೆಸರು ಹೇಳಿಕೊಡಲು ಹೋದರೆ, ಅದಕ್ಕೆ ಕಾಣುವುದು ಒಂದೇ ಥರದ ಬಿಳಿ ಪಟ್ಟಿಗಳ ಸಾಲು. ಕಪ್ಪು ಕೀಗಳು ಹಾಗಲ್ಲ. ಎರಡರ ಜೋಡಿ, ಮೂರರ ಗುಂಪು, ಮತ್ತೆ ಎರಡು, ಮತ್ತೆ ಮೂರು. ಕಣ್ಣು ಮುಚ್ಚಿ ತಡವಿದರೂ ಸಿಗುತ್ತವೆ. ಹಾಗಾಗಿ ಮೊದಲ ಮೂರು ವಾರ ಬಿಳಿ ಕೀ, ಪುಸ್ತಕ ಎರಡೂ ಬೇಡ.

61 ಕೀಗಳ ಕೀಬೋರ್ಡ್ ಸಾಕು. ಏಳು ಬಿಳಿ ಕೀಗಳ ಅಗಲ ಸುಮಾರು 16.5 ಸೆಂ.ಮೀ. ಇದೆಯೇ ಅಳೆದು ನೋಡಿ. ಆಟಿಕೆಯದು ಇದಕ್ಕಿಂತ ಕಿರಿದು. ಮೆಲ್ಲಗೆ ಒತ್ತಿದರೆ ಮೆಲ್ಲಗೆ ನುಡಿಯುವಂಥದ್ದೇ ಬೇಕು. ಊಟದ ಮೇಜಿನ ಮೇಲಿಟ್ಟರೆ ತೀರಾ ಎತ್ತರವಾಗಿ ಹೆಗಲು ಮೇಲೇರುತ್ತದೆ. ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು, ಕಾಲು ನೇತಾಡುತ್ತಿದ್ದರೆ ಕೆಳಗೊಂದು ಮಣೆ ಇಡಿ.

ಮೊದಲ ಆಟ ಹುಡುಕಾಟ. ಎಡತುದಿಯಿಂದ ಬಲತುದಿಯವರೆಗೆ ಜೋಡಿಗಳನ್ನಷ್ಟೇ ತೋರುಬೆರಳು, ನಡುಬೆರಳಿನಿಂದ ಒತ್ತುತ್ತ ಹೋಗುವುದು. ಐದು ಸಿಗಬೇಕು. ವಾಪಸ್ ಬರುವಾಗ ಮೂರರ ಗುಂಪುಗಳು, ಅವೂ ಐದು. ಎಡಕ್ಕೆ ಹೋದಷ್ಟೂ ಆನೆಯ ದನಿ, ಬಲಕ್ಕೆ ಹೋದಷ್ಟೂ ಇಲಿಯ ದನಿ ಎಂಬುದು ಇದರಲ್ಲೇ ಗೊತ್ತಾಗುತ್ತದೆ.

ಎರಡನೇ ಆಟ ಮಾತುಕತೆ. ಇಲ್ಲೇ ಹೆಚ್ಚು ದಿನ ನಿಲ್ಲಿ. ಮೂರರ ಗುಂಪಿನ ಮೊದಲ ಕೀ, ಅಂದರೆ ಹಾರ್ಮೋನಿಯಂನವರ ‘ಕಪ್ಪು ಮೂರು’, ಅದನ್ನು ಸ ಎಂದುಕೊಳ್ಳಿ. ಆ ಗುಂಪಿನಲ್ಲಿ ಸ ರಿ ಗ, ಅದರ ಬಲಕ್ಕಿರುವ ಜೋಡಿಯಲ್ಲಿ ಪ ದ. ಇದು ಮೋಹನ ರಾಗದ ಸ್ವರಗಳೇ. ಎಲ್ಲೂ ಅರ್ಧ ಸ್ವರದ ಅಂತರ (ನಡುವೆ ಬೇರೆ ಕೀ ಇಲ್ಲದೆ ಅಂಟಿಕೊಂಡ ಎರಡು ಕೀಗಳ ಅಂತರ) ಇಲ್ಲದ್ದರಿಂದ ಮಗು ಏನು ಒತ್ತಿದರೂ ಕಿವಿಗೆ ಕರ್ಕಶವಾಗುವುದಿಲ್ಲ. ನೀವು ಎಡಗಡೆ ಕೂತು ಕೆಳಗಿನ ಸ, ಪ ಎರಡನ್ನೂ ತಂಬೂರಿಯಂತೆ ಒತ್ತಿಹಿಡಿಯಿರಿ. ‘ಊಟ ಆಯ್ತಾ?’ ಎಂದು ಬಾಯಲ್ಲಿ ಹೇಳುತ್ತ ನಾಲ್ಕು ಕೀ ಒತ್ತಿ, ಕೊನೆಯದು ಪ ಇರಲಿ. ಪ್ರಶ್ನೆ ಉತ್ತರಕ್ಕೆ ಕಾಯುತ್ತ ನಿಲ್ಲುತ್ತದೆ. ಮಗು ‘ಇನ್ನೂ ಇಲ್ಲ’ ಎಂದು ನಾಲ್ಕು ಕೀಗಳಲ್ಲಿ ಉತ್ತರಿಸಿ ‘ಸ’ಕ್ಕೆ ಬರಲಿ. ವಾರ ಕಳೆಯುವುದರೊಳಗೆ ಪ್ರಶ್ನೆ ಕೇಳುವ ಸರದಿ ಅದರದೇ ಆಗಿರುತ್ತದೆ.

ಈ ಹೊತ್ತಿಗೆ ಬೆರಳು ನೋಡಿ. ತುದಿಯ ಗೆಣ್ಣು ಒಳಕ್ಕೆ ಕುಸಿಯುತ್ತಿದ್ದರೆ ‘ಬೆರಳು ನೆಟ್ಟಗಿಡು’ ಎಂದು ಗದರಿಸಿ ಪ್ರಯೋಜನವಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ. ತೋಳಿನ ಭಾರ ಬಿಡದೆ ಬೆರಳೊಂದರಿಂದಲೇ ತಳ್ಳುವುದರಿಂದ ಹೀಗಾಗುವುದು. ಚಪಾತಿ ಹಿಟ್ಟಿನ ಉಂಡೆ ಕೊಟ್ಟು ಬೆರಳ ತುದಿಯಿಂದ ಗುಳಿ ಮಾಡಿಸಿ. ಗುಳಿ ದುಂಡಗೆ, ಆಳವಾಗಿ ಬಂದರೆ ಗೆಣ್ಣು ಗಟ್ಟಿಯಾಗಿದೆ. ಉದ್ದಕ್ಕೆ, ತೆಳ್ಳಗೆ ಬಂದರೆ ಕುಸಿದಿದೆ. ಮಗುವೇ ನೋಡಿ ತಿದ್ದಿಕೊಳ್ಳುತ್ತದೆ. ಕೀ ಮುಟ್ಟುವ ಮೊದಲು ಕೈ ತೊಳೆಸಿ, ಉಗುರೂ ಕತ್ತರಿಸಿರಲಿ.

ಲಯ ಕೀಬೋರ್ಡಿನಿಂದ ಶುರುವಾಗಬಾರದು. ‘ತಕಧಿಮಿ’ ಮೊದಲು ಬಾಯಲ್ಲಿ, ಆಮೇಲೆ ನಡೆಯುತ್ತ ಕಾಲಲ್ಲಿ, ಕೊನೆಗೆ ಒಂದೇ ಕೀಯಲ್ಲಿ. ‘ತಕಿಟ’ವೂ ಹಾಗೆಯೇ. ಟಿಕ್ ಟಿಕ್ ಎಂದು ಲಯ ಹಿಡಿಯುವ ಮೆಟ್ರೊನೋಮ್ ಈಗಲೇ ಬೇಡ, ಮಗು ಅದರ ಹಿಂದೆ ಓಡುತ್ತದೆ.

ನಾಲ್ಕನೇ ವಾರ ಬಿಳಿ ಕೀ. ಜೋಡಿಯ ನಡುವೆ ಸಿಕ್ಕಿಕೊಂಡದ್ದು ಡಿ, ಅದರ ಎಡಕ್ಕೆ ಸಿ, ಬಲಕ್ಕೆ ಇ. ಎಲ್ಲ ಕೀಗೂ ಅಕ್ಷರದ ಸ್ಟಿಕ್ಕರ್ ಅಂಟಿಸುವ ಚಾಳಿ ಮಾತ್ರ ಬೇಡವೇ ಬೇಡ. ಮಗು ಸ್ಟಿಕ್ಕರ್ ಓದಲು ಕಲಿಯುತ್ತದೆ, ಕಿತ್ತ ದಿನ ಕೈ ಕಟ್ಟಿದಂತಾಗುತ್ತದೆ; ಸಾಲದ್ದಕ್ಕೆ ಅಂಟು ಬೇರೆ ಉಳಿಯುತ್ತದೆ. ಕೀಬೋರ್ಡಿನ ನಡುವಿನ ‘ಸಿ’ಗೆ ಒಂದು ಚುಕ್ಕೆ ಸಾಕು.

ಒಂದು ಸಲಕ್ಕೆ ಹತ್ತು ನಿಮಿಷ, ಬೇಕಿದ್ದರೆ ದಿನಕ್ಕೆ ಎರಡು ಸಲ. ತಿರುಗಿ ನುಡಿಸಬೇಕಾದದ್ದನ್ನು ಎಣಿಸಲು ಒಂದು ಬಟ್ಟಲಲ್ಲಿ ಐದು ಹುಣಸೆ ಬೀಜ ಇಡಿ, ಪ್ರತಿ ಸಲಕ್ಕೂ ಒಂದು ಆ ಕಡೆಯ ಬಟ್ಟಲಿಗೆ. ಬಟ್ಟಲು ಕೀಬೋರ್ಡಿನಿಂದ ದೂರವಿರಲಿ, ಕೀ ಸಂದಿಗೆ ಬಿದ್ದ ಬೀಜ ತೆಗೆಯಲು ಇಡೀ ಕೀಬೋರ್ಡ್ ಬಿಚ್ಚಬೇಕಾದೀತು. ಡೆಮೊ ಹಾಡು, ನಾಯಿ ಬೊಗಳುವ ಸದ್ದಿನ ಬಟನ್‌ಗಳಿಗೆ ಕೊನೆಯ ಎರಡು ನಿಮಿಷ ಬಿಟ್ಟುಕೊಡಿ. ಮೊದಲೇ ಕೊಟ್ಟಿರೋ, ಅವತ್ತಿನ ಪಾಠ ಅಲ್ಲಿಗೇ ಮುಗಿಯಿತು.