ಮನಸ್ಸಿಗೊಪ್ಪುವ ಮೊದಲ ಕೆಲಸ ಹುಡುಕುವುದು ಹೇಗೆ?

ಡಿಗ್ರಿ ಫಲಿತಾಂಶ ಬಂದ ವಾರದಿಂದಲೇ ಮನೆಯಲ್ಲಿ, ಬೀದಿಯಲ್ಲಿ, ಮದುವೆಮನೆಯಲ್ಲಿ ಒಂದೇ ಪ್ರಶ್ನೆ: 'ಮುಂದೇನು ಮಗಾ?' ಮೈಸೂರು, ಮಂಡ್ಯದ ಕಡೆ ಇದಕ್ಕೆ ಸಿದ್ಧ ಉತ್ತರಗಳು ಎರಡು. ಬೆಂಗಳೂರಿನಲ್ಲಿ ಪಿ.ಜಿ. (ಬಾಡಿಗೆ ವಸತಿ) ಹಿಡಿದು ಕೆಲಸ ಹುಡುಕುವುದು, ಇಲ್ಲವೇ ಕೆಪಿಎಸ್‌ಸಿ ಕೋಚಿಂಗ್ ಸೇರುವುದು. ಎರಡೂ ತಪ್ಪೇನಲ್ಲ. ಆದರೆ ಅನುಭವವಿಲ್ಲದವರಿಗೂ, ಮನೆಯಿಂದಲೇ ಓಡಾಡಿಕೊಂಡು, ಭಾನುವಾರ ರಾತ್ರಿ ಹೊಟ್ಟೆ ಹಿಂಡದಂಥ ಕೆಲಸ ಇಲ್ಲೇ ಸಿಗುತ್ತದೆ. ಹುಡುಕುವ ಕ್ರಮ ಸ್ವಲ್ಪ ಬೇರೆಯಾಗಬೇಕು, ಅಷ್ಟೆ.

ಮೊದಲು ಒಂದು ದಿನವನ್ನು ಬರೆದುಕೊಳ್ಳಿ

'ಯಾವ ಕೆಲಸ ಇಷ್ಟ?' ಎಂದು ಹೊಸಬರನ್ನು ಕೇಳಿ ಪ್ರಯೋಜನವಿಲ್ಲ. ಮಾಡಿದ್ದರೆ ತಾನೇ ಗೊತ್ತಿರುವುದು? ಅದರ ಬದಲು ಒಂದು ಹಾಳೆ ತೆಗೆದುಕೊಂಡು ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗಿನ ಹೊತ್ತನ್ನು ಬರೆಯಿರಿ. ಇಡೀ ದಿನ ನಿಂತಿರಬಲ್ಲಿರಾ, ಕೂತಿರಬಲ್ಲಿರಾ? ಹೊಸಬರ ಜೊತೆ ಮಾತಾಡಿದರೆ ಉತ್ಸಾಹ ಬರುತ್ತದೋ, ಸುಸ್ತಾಗುತ್ತದೋ? ಒಂದೇ ಕೆಲಸವನ್ನು ನೂರು ಸಲ ಅಚ್ಚುಕಟ್ಟಾಗಿ ಮಾಡುವುದು ಹಿತವೋ, ಗಂಟೆಗೊಂದು ಹೊಸ ತಲೆನೋವು ಬಂದರೇ ಹಿತವೋ? ರಾತ್ರಿ ಪಾಳಿಯಲ್ಲಿ ಎಚ್ಚರ ಇರಬಲ್ಲಿರಾ? ಇನ್ನೊಬ್ಬರು ಬೈದರೆ ಅಲ್ಲೇ ಮರೆಯುತ್ತೀರಾ, ಮನೆಗೂ ಹೊತ್ತು ತರುತ್ತೀರಾ?

ಇದು ಮನಶ್ಶಾಸ್ತ್ರದ ಪರೀಕ್ಷೆಯಲ್ಲ. ಹುದ್ದೆಯ ಹೆಸರುಗಳು ಮೋಸ ಮಾಡುತ್ತವೆ ಎಂಬುದಕ್ಕೆ ಈ ಹಾಳೆ ಬೇಕು. 'ಮಾರ್ಕೆಟಿಂಗ್ ಎಕ್ಸಿಕ್ಯುಟಿವ್' ಎಂದು ಜಾಹೀರಾತಿನಲ್ಲಿ ಇದ್ದರೆ ಬಹಳ ಸಲ ಅದು ಸ್ವಂತ ಬೈಕಿನಲ್ಲಿ ಬಿಸಿಲಲ್ಲಿ ತಿರುಗಿ ಟಾರ್ಗೆಟ್ ಮುಟ್ಟಿಸುವ ಕೆಲಸ. 'ಬ್ಯಾಕ್ ಆಫೀಸ್' ಎಂದರೆ ದಿನವಿಡೀ ಒಂದು ಪರದೆಯಿಂದ ಇನ್ನೊಂದಕ್ಕೆ ಅಂಕಿ ತುಂಬುವುದು. ದೇವರಾಜ ಅರಸು ರಸ್ತೆಯ ಸೀರೆ ಅಂಗಡಿಯ ಸೇಲ್ಸ್ ಕೆಲಸ ಹೆಸರಿಗೆ ಸಣ್ಣದು. ಸಂಜೆಗೆ ಕಾಲು ನೋಯುತ್ತದೆ, ಐವತ್ತು ಸೀರೆ ಬಿಚ್ಚಿಸಿದವರು 'ಆಮೇಲೆ ಬರ್ತೀವಿ' ಎಂದು ಎದ್ದು ಹೋಗುತ್ತಾರೆ. ಆದರೂ ಮಾತಿನ ಮಲ್ಲಿಯರಿಗೆ ಅಲ್ಲಿ ದಿನ ಹೋದದ್ದೇ ಗೊತ್ತಾಗುವುದಿಲ್ಲ. ಬಟ್ಟೆ, ಬಣ್ಣ, ಗಿರಾಕಿಯ ಮುಖ ಓದುವುದು, ಎಲ್ಲ ಸಂಬಳ ತೆಗೆದುಕೊಂಡೇ ಕಲಿಯುವ ವಿದ್ಯೆ. ಮೌನಿಗೆ ಅದೇ ಜಾಗ ನರಕ.

ಎಲ್ಲೆಲ್ಲಿ ಕೆಲಸ ಇದೆ?

ಎಲ್ಲರ ಕಣ್ಣೂ ಮೈಸೂರಿನ ಹೆಬ್ಬಾಳದ ದೊಡ್ಡ ಐಟಿ ಕ್ಯಾಂಪಸ್ ಮೇಲೆ. ಆದರೆ ಅದರ ಸುತ್ತಲೇ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ, ಮೇಟಗಳ್ಳಿ ಕೈಗಾರಿಕಾ ಪ್ರದೇಶಗಳಿವೆ. ನಂಜನಗೂಡು ಇದೆ. ಮದ್ದೂರಿನ ಹತ್ತಿರ ಗೆಜ್ಜಲಗೆರೆ ಇದೆ. ಅಲ್ಲಿ ಬೇಕಾಗಿರುವುದು ಎಂಜಿನಿಯರುಗಳು ಮಾತ್ರವಲ್ಲ. ಸ್ಟೋರ್ಸ್, ಕ್ವಾಲಿಟಿ, ಡಿಸ್ಪ್ಯಾಚ್, ಅಕೌಂಟ್ಸ್ ವಿಭಾಗಗಳಿಗೆ ಬಿಕಾಂ, ಬಿಎಸ್ಸಿ, ಡಿಪ್ಲೊಮಾ, ಐಟಿಐ ಆದವರೂ ಬೇಕು.

ಕಾರ್ಖಾನೆ ಬೇಡ ಎನ್ನುವವರಿಗೆ ಆಸ್ಪತ್ರೆಗಳ ಬಿಲ್ಲಿಂಗ್ ಮತ್ತು ವಿಮೆ ಕೌಂಟರ್, ಹೋಟೆಲುಗಳ ಫ್ರಂಟ್ ಆಫೀಸ್, ಪ್ರವಾಸಿ ಏಜೆನ್ಸಿ, ಲೆಕ್ಕಪರಿಶೋಧಕರ ಕಚೇರಿ. ಬಿಕಾಂ ಹುಡುಗರಿಗೆ ನನ್ನ ಶಿಫಾರಸು ಈ ಕೊನೆಯದು. ಸಂಬಳ ಕಡಿಮೆ, ಜಿಎಸ್‌ಟಿ ಸಲ್ಲಿಕೆಯ ದಿನಗಳಲ್ಲಿ ಊಟಕ್ಕೂ ಪುರುಸೊತ್ತಿಲ್ಲ. ಆದರೆ ಒಂದು ವರ್ಷ ಇದ್ದು ಬಂದವರು ಯಾವ ಅಂಗಡಿಯ ಲೆಕ್ಕಕ್ಕೂ ಹೆದರುವುದಿಲ್ಲ.

ಮೈಸೂರಿಗೆ ಇನ್ನೊಂದು ಭಾಗ್ಯವಿದೆ. 1950ರಲ್ಲಿ ಶುರುವಾದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, 1965ರ ವಾಕ್ ಮತ್ತು ಶ್ರವಣ ಸಂಸ್ಥೆ, 1969ರ ಭಾರತೀಯ ಭಾಷಾ ಸಂಸ್ಥಾನ, ಮೂರೂ ಇಲ್ಲೇ ಇವೆ. ಇಂಥ ಸಂಸ್ಥೆಗಳಲ್ಲಿ ಯೋಜನೆಗಳಿಗೆ ತಾತ್ಕಾಲಿಕ ಸಹಾಯಕರನ್ನು ತೆಗೆದುಕೊಳ್ಳುತ್ತಾರೆ. ಪ್ರಕಟಣೆ ಅವರವರ ಜಾಲತಾಣದಲ್ಲೇ ಬರುತ್ತದೆ. ಬಿಎಸ್ಸಿ, ಎಂಎಸ್ಸಿ, ಭಾಷೆಯಲ್ಲಿ ಎಂಎ ಮಾಡಿದವರು ತಿಂಗಳಿಗೊಮ್ಮೆ ಅಲ್ಲಿ ಕಣ್ಣಾಡಿಸಿ. 'ಪರ್ಮನೆಂಟ್ ಅಲ್ಲವಲ್ಲ' ಎಂದು ಅಪ್ಪ ಮುಖ ಸಿಂಡರಿಸಬಹುದು. ಮೊದಲ ಕೆಲಸ ಪರ್ಮನೆಂಟ್ ಆಗಲೇಬೇಕೆಂಬ ಹಟ ಬೇಡ.

ತನಗೇನು ಹಿಡಿಸುತ್ತದೆ ಎಂಬುದೇ ಗೊತ್ತಿಲ್ಲದವರಿಗೆ ದಸರಾ ಇದೆ. ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ ಸುಮಾರು ಮೂರು ತಿಂಗಳು ನಡೆಯುತ್ತದೆ. ಮಳಿಗೆಗಳಿಗೆ, ಆ ದಿನಗಳಲ್ಲಿ ತುಂಬಿ ತುಳುಕುವ ಹೋಟೆಲುಗಳಿಗೆ ತಾತ್ಕಾಲಿಕ ಕೈಗಳು ಬೇಕಾಗುತ್ತವೆ. ಜನಜಂಗುಳಿಯಲ್ಲಿ ಕೆಲಸ ಮಾಡುವುದು ನಿಮಗೆ ಆಗಿಬರುತ್ತದೋ ಇಲ್ಲವೋ ಎಂದು ಒಂದೇ ಸೀಸನ್ನಿನಲ್ಲಿ ಇತ್ಯರ್ಥವಾಗುತ್ತದೆ.

ಅರ್ಜಿ ಹಾಕುವ ಮೊದಲು ಗೇಟಿನ ಹತ್ತಿರ ಹೋಗಿ

ಇಡೀ ಲೇಖನದಲ್ಲಿ ಒಂದೇ ಒಂದು ಹಂತ ಪಾಲಿಸುವಿರಾದರೆ ಇದನ್ನು ಪಾಲಿಸಿ. ಕಾರ್ಖಾನೆಯಾದರೆ ಪಾಳಿ ಬಿಡುವ ಹೊತ್ತಿಗೆ ಎದುರಿನ ಟೀ ಅಂಗಡಿಯಲ್ಲಿ ಕೂರಿ. ಬಹಳ ಕಡೆ ಮೊದಲ ಪಾಳಿ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ. ಅಂಗಡಿ, ಆಸ್ಪತ್ರೆ, ಹೋಟೆಲಾದರೆ ಗಿರಾಕಿಯಾಗಿಯೇ ಒಳಗೆ ಹೋಗಿ. ಹೊರಗೆ ಬರುವವರು ಗುಂಪಾಗಿ ಹರಟುತ್ತ ಬರುತ್ತಾರೋ, ಒಬ್ಬೊಬ್ಬರೇ ತಲೆ ತಗ್ಗಿಸಿಕೊಂಡು ಬಸ್ಸಿಗೆ ಓಡುತ್ತಾರೋ ನೋಡಿ. ನಿಮ್ಮ ವಯಸ್ಸಿನವರು ಕಂಡರೆ ಮಾತಿಗೆಳೆಯಿರಿ. 'ಅಣ್ಣ, ಇಲ್ಲಿ ಕೆಲ್ಸ ಖಾಲಿ ಇದ್ಯಾ?' ಎಂದು ಶುರು ಮಾಡಿದರೆ ಸಾಕು, ಮೈಸೂರಿನಲ್ಲಿ ಉತ್ತರ ಹೇಳದೆ ಹೋಗುವವರು ಕಡಿಮೆ.

ಕೇಳಬೇಕಾದ್ದು ಇಷ್ಟು. ಎಷ್ಟು ದಿನದಿಂದ ಇದ್ದೀರಿ? ಹೊಸಬರಿಗೆ ಯಾರು ಹೇಳಿಕೊಡುತ್ತಾರೆ? ಸಂಬಳ ಯಾವ ತಾರೀಕಿಗೆ ಬರುತ್ತದೆ? ಮನೆ ಮುಟ್ಟುವಾಗ ಎಷ್ಟು ಗಂಟೆ? ಎಲ್ಲರೂ ನಾಲ್ಕೈದು ತಿಂಗಳ ಹೊಸಬರೇ ಆಗಿದ್ದರೆ ಅಲ್ಲಿ ಏನೋ ಸರಿಯಿಲ್ಲ ಎಂದುಕೊಳ್ಳಿ. ಸೂಪರ್‌ವೈಸರ್ ಹೆಸರು ಹೇಳುವಾಗ ಮುಖ ಅರಳಿದರೆ ಅದು ಯಾವ ಜಾಹೀರಾತಿಗಿಂತಲೂ ದೊಡ್ಡ ಸರ್ಟಿಫಿಕೇಟ್. ಮೊದಲ ಕೆಲಸ ಹಿಡಿಸುವುದೂ ಬಿಡುವುದೂ ಮುಕ್ಕಾಲು ಪಾಲು ಕಲಿಸುವವರ ಮೇಲೆ ನಿಂತಿದೆ ಎಂಬುದು ನನ್ನ ನಂಬಿಕೆ.

ಹೆಸರು ನೋಂದಾಯಿಸಿ

ಇದು ಅರ್ಧ ದಿನದ ಕೆಲಸ. ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದಲ್ಲೂ ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್‌ನಲ್ಲೂ ನೋಂದಣಿ ಉಚಿತ. ಉದ್ಯೋಗ ಮೇಳಗಳ ಸುದ್ದಿ ಅಲ್ಲಿಂದ ಸಿಗುತ್ತದೆ.

ಅಪ್ರೆಂಟಿಸ್ ದಾರಿಯನ್ನು ಮಾತ್ರ ಕಡೆಗಣಿಸಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಂಪನಿಗಳು ಹೊಸಬರನ್ನು ತರಬೇತಿಗೆ ತೆಗೆದುಕೊಳ್ಳುತ್ತವೆ, ಸ್ಟೈಪೆಂಡ್ ಕೊಡುತ್ತವೆ. 2019ರಲ್ಲಿ ಅದು ತಿಂಗಳಿಗೆ ಪದವೀಧರರಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000 ಎಂದು ನಿಗದಿಯಾಗಿತ್ತು. ಹಣ ಕಡಿಮೆ ನಿಜ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡೂ ಕಂಪನಿಗಿಲ್ಲ. ಆದರೆ ಒಂದು ಅವಧಿ ಮುಗಿಸಿ, ಹಿಡಿಸದಿದ್ದರೆ ಮರ್ಯಾದೆಯಾಗಿ ಹೊರಬರಬಹುದಾದ ವ್ಯವಸ್ಥೆ ಬೇರೆ ಇಲ್ಲ.

ಬಯೋಡೇಟಾ ಒಂದೇ ಪುಟ

ಸೈಬರ್ ಸೆಂಟರಿನಲ್ಲಿ ಮಾಡಿಸುವ ಬಯೋಡೇಟಾಗಳೆಲ್ಲ ಒಂದೇ ಅಚ್ಚಿನವು. ತಂದೆಯ ಹೆಸರು, ಧರ್ಮ, ಮದುವೆಯಾಗಿದೆಯೇ, ಹವ್ಯಾಸ: ಕ್ರಿಕೆಟ್ ನೋಡುವುದು. ಇದನ್ನೆಲ್ಲ ತೆಗೆಯಿರಿ. ಆ ಜಾಗದಲ್ಲಿ ನೀವು ಈಗಾಗಲೇ ಮಾಡಿರುವ ಕೆಲಸ ಬರೆಯಿರಿ. 'ನಾನೇನೂ ಮಾಡಿಲ್ಲ' ಎನ್ನುವ ಮಂಡ್ಯದ ಹುಡುಗ ಊರಿನ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆದು, ಫ್ಯಾಟ್ ನೋಡಿ, ಪುಸ್ತಕದಲ್ಲಿ ಬರೆದಿರುತ್ತಾನೆ. ಅದನ್ನು ಹೀಗೆ ಬರೆಯಬಹುದು: 'ಎರಡು ವರ್ಷ ಗ್ರಾಮದ ಹಾಲು ಉತ್ಪಾದಕರ ಸಂಘದಲ್ಲಿ ದಿನಕ್ಕೆರಡು ಬಾರಿ ಹಾಲಿನ ಅಳತೆ, ಗುಣಮಟ್ಟ ಪರೀಕ್ಷೆ, ಲೆಕ್ಕ ನಿರ್ವಹಣೆ.' ಆಹಾರ ಕಾರ್ಖಾನೆಯ ಕ್ವಾಲಿಟಿ ವಿಭಾಗದವರು ಈ ಸಾಲನ್ನು ಎರಡು ಸಲ ಓದುತ್ತಾರೆ. ಛತ್ರದಲ್ಲಿ ಬಡಿಸಿದ್ದು, ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳಿದ್ದು, ಎನ್‌ಎಸ್‌ಎಸ್ ಶಿಬಿರದಲ್ಲಿ ಅಡುಗೆ ಸಾಮಾನಿನ ಲೆಕ್ಕ ನೋಡಿಕೊಂಡಿದ್ದು, ಎಲ್ಲವೂ ಅನುಭವವೇ. ಬರದ ಕಂಪ್ಯೂಟರ್ ಭಾಷೆಯನ್ನು ಬರುತ್ತದೆಂದು ಮಾತ್ರ ಬರೆಯಬೇಡಿ, ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಸಂದರ್ಶನದಲ್ಲಿ ನೀವೂ ಕೇಳಿ

ಇಂಗ್ಲಿಷ್ ತಡವರಿಸಿದರೆ 'ಸರ್, ಇದನ್ನು ಕನ್ನಡದಲ್ಲಿ ಹೇಳ್ಲಾ?' ಎಂದು ಕೇಳಿ. ಇಲ್ಲಿನ ಬಹುಪಾಲು ಎಚ್‌ಆರ್‌ಗಳು ಹ್ಞೂಂ ಎನ್ನುತ್ತಾರೆ. ಇಂಗ್ಲಿಷಿನಲ್ಲೇ ದಿನವಿಡೀ ಫೋನಿನಲ್ಲಿ ಮಾತಾಡುವ ಕೆಲಸವಾದರೆ ಆ ಮಾತು ಬೇರೆ.

ಕೊನೆಗೆ 'ಏನಾದರೂ ಕೇಳೋದಿದೆಯಾ?' ಎಂದಾಗ ತಲೆ ಅಲ್ಲಾಡಿಸಿ ಎದ್ದು ಬರಬೇಡಿ. ಮೊದಲ ತಿಂಗಳು ನನ್ನನ್ನು ಯಾರ ಜೊತೆ ಹಾಕುತ್ತೀರಿ? ಈ ಜಾಗದಲ್ಲಿ ಮೊದಲಿದ್ದವರು ಈಗ ಎಲ್ಲಿದ್ದಾರೆ? ಟಾರ್ಗೆಟ್ ಇದೆಯೇ, ಮುಟ್ಟದಿದ್ದರೆ ಸಂಬಳ ಕಡಿತವೇ? ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆಯೇ? ಇವನ್ನು ವಿನಯದಿಂದ ಕೇಳಿದವರನ್ನು ಯಾರೂ ಅಹಂಕಾರಿ ಎನ್ನುವುದಿಲ್ಲ. ಯಾರಾದರೂ ಹಾಗೆ ಅಂದರೆ, ಆ ಜಾಗ ಬಿಟ್ಟದ್ದೇ ಒಳ್ಳೆಯದಾಯಿತು.

ಕೈಗೆಷ್ಟು ಬರುತ್ತದೆ?

'ತಿಂಗಳಿಗೆ 15,000' ಎಂದರೆ ಅದು ಸಿಟಿಸಿಯೋ (ನಿಮಗಾಗಿ ಕಂಪನಿ ಮಾಡುವ ಪೂರ್ತಿ ಖರ್ಚು), ಒಟ್ಟು ಸಂಬಳವೋ, ಕೈಗೆ ಬರುವುದೋ ಕೇಳಿಕೊಳ್ಳಿ. ಸಿಟಿಸಿಯಲ್ಲಿ ಕಂಪನಿ ಕಟ್ಟುವ ಪಿಎಫ್ (ಭವಿಷ್ಯನಿಧಿ) ಪಾಲೂ ಸೇರಿರುತ್ತದೆ, ಅದು ಕೈಗೆ ಬರುವ ದುಡ್ಡಲ್ಲ. ಒಟ್ಟು ಸಂಬಳ 15,000, ಮೂಲ ವೇತನ 12,000 ಎಂದಿಟ್ಟುಕೊಳ್ಳಿ. ಶೇ 12ರಂತೆ ಪಿಎಫ್ 1,440. ಶೇ 0.75ರಂತೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಸುಮಾರು 113. ವೃತ್ತಿ ತೆರಿಗೆ 25,000ಕ್ಕಿಂತ ಕಡಿಮೆ ಸಂಬಳಕ್ಕೆ ಇಲ್ಲ. ಕೈಗೆ ಬರುವುದು 13,447. ಕಡಿತ ಕಂಡು ಬೇಜಾರಾಗಬೇಡಿ: ಪಿಎಫ್‌ಗೆ ಕಂಪನಿಯೂ ಅಷ್ಟೇ ಹಾಕುತ್ತದೆ, ಇಎಸ್‌ಐ ಇದ್ದರೆ ಅಪ್ಪ ಅಮ್ಮ ನಿಮ್ಮ ಆಶ್ರಯದಲ್ಲಿದ್ದಲ್ಲಿ ಅವರ ಚಿಕಿತ್ಸೆಗೂ ದಾರಿಯಾಗುತ್ತದೆ. 'ಪಿಎಫ್ ಇಲ್ಲ, ಪೂರ್ತಿ ಕೈಗೇ ಕೊಡ್ತೀವಿ' ಎನ್ನುವ ಕಡೆಗಿಂತ ಇದು ಮೇಲು.

ಓಡಾಟದ ಲೆಕ್ಕವೂ ಇದರಲ್ಲೇ ಬರಬೇಕು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ರೈಲಿನ ಸೀಸನ್ ಟಿಕೆಟ್ ತೆಗೆದುಕೊಂಡರೆ ಹುಡುಗರಿಗೆ ಅಗ್ಗ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಆದರೆ ರೈಲು ನಿಲ್ದಾಣದಿಂದ ಹೂಟಗಳ್ಳಿಗೆ ಇನ್ನೊಂದು ಬಸ್ಸು ಹಿಡಿಯಬೇಕು. ಬಂದು ಹೋಗಲು ದಿನಕ್ಕೆ ನಾಲ್ಕು ಗಂಟೆ ಹೋದರೆ ಎಷ್ಟು ಚೆಂದದ ಕೆಲಸವಾದರೂ ಮೂರು ತಿಂಗಳಲ್ಲಿ ಸಾಕಾಗುತ್ತದೆ. ಎರಡು ಸಾವಿರ ಕಡಿಮೆಯಾದರೂ ಹತ್ತಿರದ್ದು, ಅಥವಾ ಕಂಪನಿ ಬಸ್ಸಿರುವುದು ವಾಸಿ.

ಇಲ್ಲಿ ಎದ್ದು ಬನ್ನಿ

ಕೆಲಸ ಕೊಡಿಸಲು 'ರಿಜಿಸ್ಟ್ರೇಷನ್', 'ಟ್ರೈನಿಂಗ್', 'ಯೂನಿಫಾರಂ' ಎಂದು ಮುಂಗಡ ದುಡ್ಡು ಕೇಳಿದರೆ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಎಂದರೆ. ದೊಡ್ಡ ಕಂಪನಿಯ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಆಫರ್ ಲೆಟರ್ ಬಂದು, ಸಂದರ್ಶನವೇ ಆಗಿಲ್ಲ ಎಂದರೆ. ಮನೆಯಲ್ಲೇ ಡೇಟಾ ಎಂಟ್ರಿ ಮಾಡಿ, ತಪ್ಪಾದರೆ ದಂಡ ಕಟ್ಟಿ ಎಂಬ ಒಪ್ಪಂದಕ್ಕೆ ಸಹಿ ಕೇಳಿದರೆ. ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಕರಾರು) ಇದ್ದರೆ ಮನೆಗೆ ತಂದು, ತಿಳಿದವರಿಗೆ ಓದಿಸಿ, ಆಮೇಲೆ ಸಹಿ ಹಾಕಿ. ಅಷ್ಟಕ್ಕೂ ಪುರುಸೊತ್ತು ಕೊಡದವರಿಗೆ ನಮಸ್ಕಾರ ಹೇಳಿ.

ಸೇರಿದ ವಾರ

ನೇಮಕಾತಿ ಪತ್ರ ಕೈಯಲ್ಲಿರಲಿ. ಅದರಲ್ಲಿ ಹುದ್ದೆ, ಸಂಬಳ, ಸೇರಿದ ದಿನ, ಬಿಡುವಾಗ ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದು ಇದೆಯೇ ನೋಡಿ. ಪಿಎಫ್‌ನ ಯುಎಎನ್ ಸಂಖ್ಯೆ ಕೇಳಿ ಪಡೆದು ನಿಮ್ಮ ಮೊಬೈಲ್ ಸಂಖ್ಯೆಯಲ್ಲೇ ಸಕ್ರಿಯಗೊಳಿಸಿ. ಮುಂದೆ ಕಂಪನಿ ಬದಲಾದರೂ ಅದೇ ಸಂಖ್ಯೆ. ಆಧಾರ್, ಅಂಕಪಟ್ಟಿ, ಬ್ಯಾಂಕ್ ಖಾತೆಯಲ್ಲಿ ಹೆಸರಿನ ಇನಿಷಿಯಲ್ ಒಂದೇ ರೀತಿ ಇರಲಿ, ನಮ್ಮ ಕಡೆ ಪಿಎಫ್ ಸಿಕ್ಕಿಹಾಕಿಕೊಳ್ಳುವುದು ಬಹುಮಟ್ಟಿಗೆ ಈ ಇನಿಷಿಯಲ್‌ನಲ್ಲೇ. ಯುವನಿಧಿ ಪಡೆಯುತ್ತಿದ್ದವರು ಕೆಲಸಕ್ಕೆ ಸೇರಿದ್ದನ್ನು ತಿಳಿಸಿ ನಿಲ್ಲಿಸಿಕೊಳ್ಳಬೇಕು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ಬರುವ ಆ ಭತ್ಯೆ ಕೆಲಸ ಸಿಗುವವರೆಗೆ, ಅದೂ ಗರಿಷ್ಠ ಎರಡು ವರ್ಷ ಮಾತ್ರ. ಮೊದಲ ಸಂಬಳದ ಚೀಟಿ ಬಂದ ದಿನ ಮೇಲಿನ ಲೆಕ್ಕ ಹಾಕಿ ನೋಡಿ. ಹೊಂದದಿದ್ದರೆ ಅದೇ ವಾರ ಅಕೌಂಟ್ಸ್‌ನವರ ಹತ್ತಿರ ಹೋಗಿ ಕೇಳಿ.