ದೋಣಿಯ ಎಲೆಕ್ಟ್ರಿಕ್ ಮೋಟರ್‌ಗೆ ಬ್ಯಾಟರಿ, ಚಾರ್ಜರ್ ಆರಿಸುವುದು ಹೇಗೆ

ಮೋಟರ್ ಮನೆಗೆ ಬಂದ ದಿನ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಹಾಲ್ ಮೂಲೆಯ ಯುಪಿಎಸ್ ಬ್ಯಾಟರಿಯ ಮೇಲೆ. ಅದನ್ನೇ ಎತ್ತಿ ದೋಣಿಗಿಟ್ಟರೆ ಮೋಟರ್ ತಿರುಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ 150 ಎಎಚ್‌ನ (ಆಂಪಿಯರ್-ಅವರ್, ಅಂದರೆ ಆಂಪ್ ಗುಣಿಸು ಗಂಟೆ) ಟ್ಯೂಬುಲರ್ ಲೆಡ್-ಆಸಿಡ್ ಬ್ಯಾಟರಿ 50 ಕೆ.ಜಿ.ಗೂ ಮೇಲೆ ತೂಗುತ್ತದೆ, ದೋಣಿ ವಾಲಿದರೆ ಆಸಿಡ್ ಚೆಲ್ಲುತ್ತದೆ, ಮೇಲೆ ಬರೆದ 150 ಎಎಚ್ ಪೂರ್ತಿ ಸಿಗುವುದೂ ಇಲ್ಲ. ಆ ಅಂಕಿ 20 ಗಂಟೆ ಕಾಲ ನಿಧಾನವಾಗಿ, 7.5 ಆಂಪ್‌ನಂತೆ ಎಳೆದಾಗ ಸಿಗುವ ಲೆಕ್ಕ. ಮೋಟರ್ 50 ಆಂಪ್ ಎಳೆದರೆ ಲೆಡ್ ಬ್ಯಾಟರಿ ಸುಮಾರು ಮೂರನೇ ಎರಡರಷ್ಟು ಕೊಟ್ಟು ಸುಸ್ತಾಗುತ್ತದೆ. ಕಾರಿನ ಬ್ಯಾಟರಿಯನ್ನಂತೂ ಮುಟ್ಟಬೇಡಿ. ಅದರ ತೆಳು ಪ್ಲೇಟುಗಳು ಎಂಜಿನ್ ಸ್ಟಾರ್ಟ್ ಮಾಡುವ ಕೆಲವು ಸೆಕೆಂಡಿಗೆ ಮಾಡಿದವು. ಹತ್ತಾರು ಸಲ ಪೂರ್ತಿ ಖಾಲಿ ಮಾಡಿದರೆ ಕೆಟ್ಟುಹೋಗುತ್ತವೆ.

ಮೊದಲು ಮೋಟರ್ ಎಷ್ಟು ಎಳೆಯುತ್ತದೆ ನೋಡಿ. 12 ವೋಲ್ಟ್‌ನ 30 ಪೌಂಡ್ (ಇದು ನೂಕುವ ಬಲ, ತೂಕವಲ್ಲ) ಮೋಟರ್ ಫುಲ್ ಸ್ಪೀಡಿನಲ್ಲಿ 30 ಆಂಪ್ ಆಸುಪಾಸು, 55 ಪೌಂಡಿನದು 50 ಆಂಪ್ ಆಸುಪಾಸು. ಅರ್ಧಕ್ಕಿಂತ ಕಡಿಮೆ ಸ್ಪೀಡಿನಲ್ಲಿ 10ರಿಂದ 15 ಆಂಪ್ ಸಾಕು. ಈ ವ್ಯತ್ಯಾಸವೇ ಬ್ಯಾಟರಿಯ ಗಾತ್ರ ಹೇಳುತ್ತದೆ.

ಗೊರೂರು ಹಿನ್ನೀರನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ನೀರು ಅಲೆಯಿಲ್ಲದೆ ಶಾಂತವಾಗಿರುತ್ತದೆ, ಶೆಟ್ಟಿಹಳ್ಳಿ ಚರ್ಚಿನ ಕಡೆ ದೋಣಿ ಸಲೀಸಾಗಿ ಹೋಗುತ್ತದೆ. ವಾಪಸ್ ಬರುವಾಗ ಎದುರು ಗಾಳಿ ಎದ್ದರೆ ಅದೇ ದೂರಕ್ಕೆ ಎರಡರಷ್ಟಲ್ಲ, ಮೂರರಷ್ಟು ಕರೆಂಟ್ ಬೇಕಾಗಬಹುದು. ಹಾಗಾಗಿ ಲೆಕ್ಕ ಹಾಕುವಾಗ ವಾಪಸ್ ದಾರಿಯನ್ನು ಬೇರೆಯೇ ಬರೆದುಕೊಳ್ಳಿ: ನಿಧಾನ ಸ್ಪೀಡಿನಲ್ಲಿ 2 ಗಂಟೆ, 15 ಆಂಪ್‌ನಂತೆ 30 ಎಎಚ್, ಗಾಳಿಗೆದುರಾಗಿ ಫುಲ್ ಸ್ಪೀಡಿನಲ್ಲಿ ಅರ್ಧ ಗಂಟೆ, 50 ಆಂಪ್‌ನಂತೆ 25 ಎಎಚ್. ಒಟ್ಟು 55. ಲಿಥಿಯಂ ಬ್ಯಾಟರಿಯಲ್ಲಿ ಶೇ 80ರವರೆಗೆ ನಿಶ್ಚಿಂತೆಯಿಂದ ಬಳಸಬಹುದು, ಆದ್ದರಿಂದ 100 ಎಎಚ್ ಕೊಂಡರೆ ಕೈಯಲ್ಲಿ ಮಿಗತೆಯೂ ಇರುತ್ತದೆ. ಲೆಡ್‌ನಲ್ಲಿ ಅರ್ಧಕ್ಕಿಂತ ಕೆಳಗಿಳಿಸಬಾರದು, ಜೊತೆಗೆ ಹೆಚ್ಚು ಆಂಪ್ ಎಳೆದಾಗ ಸೋರುವ ನಷ್ಟ ಬೇರೆ. ಅದೇ ಕೆಲಸಕ್ಕೆ 150 ಎಎಚ್ ಬೇಕು. ಕಾಫಿ ತೋಟದೊಳಗಿನ ಕೆರೆಯಲ್ಲಿ ಪಂಪಿನ ಫುಟ್‌ವಾಲ್ವ್ ನೋಡಿಬರಲು, ಮೀನಿಗೆ ಮೇವು ಹಾಕಲು ಮಾತ್ರವಾದರೆ ಇದರ ಅರ್ಧ ಸಾಕು.

ಲಿಥಿಯಂ ಎಂದರೆ ಇಲ್ಲಿ ಲಿಥಿಯಂ ಐರನ್ ಫಾಸ್ಫೇಟ್, 12.8 ವೋಲ್ಟ್ ಎಂದು ಬರೆದಿರುವುದು. ಸ್ಕೂಟರಿನ 48 ಅಥವಾ 60 ವೋಲ್ಟ್ ಪ್ಯಾಕ್ 12 ವೋಲ್ಟ್ ಮೋಟರನ್ನು ಸುಟ್ಟುಬಿಡುತ್ತದೆ. ಅಂಗಡಿಯಲ್ಲಿ ಬ್ಯಾಟರಿಯನ್ನು ತಕ್ಕಡಿಗಿಡಿ: ನಿಜವಾದ 100 ಎಎಚ್ ಪ್ಯಾಕ್ 10ರಿಂದ 13 ಕೆ.ಜಿ. ತೂಗುತ್ತದೆ. 6-7 ಕೆ.ಜಿ. ಇದ್ದರೆ ಒಳಗೆ ಅಷ್ಟು ಸೆಲ್ ಇಲ್ಲ. ಆಮೇಲೆ ಬಿಎಂಎಸ್ (ಪ್ಯಾಕ್ ಒಳಗಿರುವ, ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಎಷ್ಟು ಆಂಪಿನದು ಎಂದು ಕೇಳಿ. 55 ಪೌಂಡ್ ಮೋಟರಿಗೆ 100 ಆಂಪಿನದೇ ಇರಲಿ. 50 ಆಂಪಿನದಾದರೆ ಅಂತರಗಂಗೆ ರೆಕ್ಕೆಗೆ ಸುತ್ತಿಕೊಂಡ ಕ್ಷಣ ಕರೆಂಟ್ ಏರಿ ಬಿಎಂಎಸ್ ಕಡಿತಗೊಳಿಸುತ್ತದೆ. ಕೆಲವು ಪ್ಯಾಕ್‌ಗಳು ವೈರ್ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಏಳುತ್ತವೆ. ಕೆಲವು ಚಾರ್ಜರ್ ಹಾಕುವವರೆಗೆ ಏಳುವುದೇ ಇಲ್ಲ. ನಡುನೀರಿನಲ್ಲಿ ಚಾರ್ಜರ್ ಎಲ್ಲಿ ತರುವುದು? ಹುಟ್ಟು ಯಾವಾಗಲೂ ದೋಣಿಯಲ್ಲಿರಲಿ.

ಅಷ್ಟು ದುಡ್ಡು ಹಾಕಲಾಗದವರಿಗೆ ಈ-ರಿಕ್ಷಾ ಬ್ಯಾಟರಿ ಒಳ್ಳೆಯ ನಡುದಾರಿ. ವಾಹನ ಎಳೆಯಲೆಂದೇ ಮಾಡಿದ್ದು, 30 ಕೆ.ಜಿ. ಆಸುಪಾಸು ತೂಗುತ್ತದೆ. ಅದನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಬೆಲ್ಟ್ ಬಿಗಿಯಿರಿ, ಆದರೆ ಗಾಳಿಯಾಡಲು ಮೇಲೆ ತೂತಿರಲಿ. ಅದರ 48 ವೋಲ್ಟ್ ಚಾರ್ಜರನ್ನು ಮಾತ್ರ ಒಂದೇ ಬ್ಯಾಟರಿಗೆ ಹಾಕಬೇಡಿ. 24 ವೋಲ್ಟ್ ಮೋಟರ್ ಇದ್ದು ಎರಡು ಬ್ಯಾಟರಿ ಸೀರೀಸ್ ಮಾಡುವುದಾದರೆ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಜೋಡಿಸುವುದಾದರೆ) ಎರಡೂ ಒಂದೇ ಕಂಪನಿ, ಒಂದೇ ಎಎಚ್, ಒಂದೇ ದಿನ ಕೊಂಡದ್ದಾಗಿರಲಿ. ಹಳೆಯದೊಂದು ಸೇರಿದರೆ ಅದು ಬೇಗ ಖಾಲಿಯಾಗಿ ಹೊಸದನ್ನೂ ಹಾಳು ಮಾಡುತ್ತದೆ.

ಇನ್ನು ಚಾರ್ಜರ್. ನಮ್ಮ ಕಡೆ ನಿಜವಾದ ಆಯ್ಕೆ ನಡೆಯುವುದು ಇಲ್ಲೇ, ಯಾಕೆಂದರೆ ಕರೆಂಟಿನ ಪಾಡು ನಿಮಗೆ ಗೊತ್ತಿದೆ. 150 ಎಎಚ್ ಲೆಡ್ ಬ್ಯಾಟರಿಗೆ 15 ಆಂಪ್ ಚಾರ್ಜರ್ ಹಾಕಿದರೂ ಪೂರ್ತಿ ತುಂಬಲು 10-12 ಗಂಟೆ ಬೇಕಾಗಬಹುದು, ಯಾಕೆಂದರೆ ಕೊನೆಯ ಶೇ 20 ಬಹಳ ನಿಧಾನ. ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಮರ ಬಿದ್ದು ಲೈನ್ ಹೋದರೆ ಎರಡು ಮೂರು ದಿನ ಬ್ಯಾಟರಿ ಅರೆಬರೆ ಚಾರ್ಜಿನಲ್ಲೇ ಕೂರುತ್ತದೆ. ಆಗ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಬ್ಯಾಟರಿಯ ಸಾಮರ್ಥ್ಯ ಇಳಿಯುತ್ತಾ ಹೋಗುತ್ತದೆ. ಲಿಥಿಯಂಗೆ ಈ ರೋಗವಿಲ್ಲ. ಅರ್ಧ ಚಾರ್ಜಿನಲ್ಲಿ ವಾರಗಟ್ಟಲೆ ಇಟ್ಟರೂ ಏನೂ ಆಗದು. ಕರೆಂಟ್ ನೆಚ್ಚಲಾಗದ ಮನೆಗೆ, ದುಬಾರಿಯಾದರೂ ಲಿಥಿಯಂ ಎಂದೇ ನಮ್ಮ ಸಲಹೆ.

100 ಎಎಚ್ ಲಿಥಿಯಂಗೆ 20 ಆಂಪ್ ಚಾರ್ಜರ್ ಸರಿಯಾದ ಅಳತೆ. ಶೇ 70 ಖಾಲಿಯಾದದ್ದು ನಾಲ್ಕು ಗಂಟೆಯಲ್ಲಿ ತುಂಬುತ್ತದೆ, 230 ವೋಲ್ಟ್‌ನಲ್ಲಿ ಎಳೆಯುವುದು ಸುಮಾರು 1.5 ಆಂಪ್, ಮಾಮೂಲಿ ಸಾಕೆಟ್ ಸಾಕು. ಚಾರ್ಜರ್ ಮೇಲೆ ಮೂರು ಸಂಗತಿ ಓದಿ. ಲಿಥಿಯಂ ಐರನ್ ಫಾಸ್ಫೇಟ್‌ಗೆ 14.6 ವೋಲ್ಟ್‌ಗೆ ನಿಲ್ಲುವಂಥದ್ದಾಗಿರಬೇಕು. ಇನ್‌ಪುಟ್ 90ರಿಂದ 264 ವೋಲ್ಟ್‌ವರೆಗೆ ಎಂದಿರಬೇಕು. ರಾತ್ರಿ ಎಲ್ಲ ಮನೆಗಳ ಲೋಡ್ ಬಿದ್ದು 170ಕ್ಕಿಳಿದಾಗ ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರ್ ಸುಮ್ಮನೆ ಗುಂಯ್‌ಗುಡುತ್ತದೆಯೇ ಹೊರತು ತುಂಬಿಸುವುದಿಲ್ಲ. ಮೂರನೆಯದು, ಈಕ್ವಲೈಸ್ ಅಥವಾ ಡೀಸಲ್ಫೇಷನ್ ಮೋಡ್ ಇರಬಾರದು. ಅದು 15 ವೋಲ್ಟ್‌ಗೂ ಮೇಲೆ ಏರಿಸುತ್ತದೆ. ಮನೆಯ ಯುಪಿಎಸ್‌ನಿಂದಲೇ ಲಿಥಿಯಂ ಚಾರ್ಜ್ ಮಾಡಬಾರದೆನ್ನುವುದೂ ಇದಕ್ಕೇ. ತೋಟದ ಜನರೇಟರಿನಲ್ಲಿ ಚಾರ್ಜ್ ಮಾಡುವವರು ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನಿಂತ ಮೇಲೆ ಹಾಕಿ. ದೊಡ್ಡ ಮೋಟರ್ ಶುರುವಾಗುವಾಗ, ನಿಲ್ಲುವಾಗ ವೋಲ್ಟೇಜ್ ಜಿಗಿದು ಚಾರ್ಜರ್ ಹೋಗುತ್ತದೆ.

ಲೆಡ್‌ನವರು 14.4ರಿಂದ 14.8 ವೋಲ್ಟ್‌ಗೆ ಏರಿ ಆಮೇಲೆ 13.6ಕ್ಕೆ ಇಳಿಯುವ ಚಾರ್ಜರ್ ಕೊಳ್ಳಿ. ಚಾರ್ಜಾಗುವಾಗ ಹೈಡ್ರೋಜನ್ ಬರುತ್ತದೆ, ಕಿಟಕಿ ತೆರೆದಿರಲಿ. ಬೋರ್‌ವೆಲ್ ನೀರು ಬೇಡ, ಡಿಸ್ಟಿಲ್ಡ್ ವಾಟರೇ ಹಾಕಿ.

ವೈರಿನಲ್ಲಿ ಉಳಿತಾಯ ಮಾಡಿದವರು ಆಮೇಲೆ ಮೋಟರಿನ ಮೇಲೆ ದೂರು ಹೇಳುತ್ತಾರೆ. ಬ್ಯಾಟರಿಯಿಂದ ಮೋಟರಿಗೆ 2 ಮೀಟರ್ ಇದ್ದರೆ, ಹೋಗಿಬರುವ 4 ಮೀಟರಿನಲ್ಲಿ 50 ಆಂಪಿಗೆ 16 ಚದರ ಮಿ.ಮೀ. ತಾಮ್ರದ ಕೇಬಲ್ 0.2 ವೋಲ್ಟ್ ಮಾತ್ರ ತಿನ್ನುತ್ತದೆ. ಮನೆ ವೈರಿಂಗಿನ 2.5ರದ್ದು 1.4 ವೋಲ್ಟ್ ತಿಂದು ಬಿಸಿಯಾಗಿ ಕರಗುತ್ತದೆ. ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ 60 ಆಂಪಿನ ಡಿಸಿ ಬ್ರೇಕರ್ ಹಾಕಿ. ಮನೆಯ ಎಸಿ ಎಂಸಿಬಿ ಡಿಸಿ ಕಿಡಿಯನ್ನು ಆರಿಸುತ್ತದೆಂಬ ಭರವಸೆ ಇಲ್ಲ.

ಎಷ್ಟು ಉಳಿದಿದೆ ಎಂದು ತಿಳಿಯಲು ಲೆಡ್‌ನಲ್ಲಿ ಮೋಟರ್ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ವೋಲ್ಟ್ ಮೀಟರ್ ನೋಡಿ: 12.7 ಫುಲ್, 12.2 ಅರ್ಧ. ಲಿಥಿಯಂನಲ್ಲಿ ಈ ಲೆಕ್ಕ ನಡೆಯದು. ಮುಕ್ಕಾಲು ಭಾಗ ಖಾಲಿಯಾಗುವವರೆಗೂ 13ರ ಆಸುಪಾಸಿನಲ್ಲೇ ತೋರಿಸಿ ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಅದಕ್ಕೆ ಶಂಟ್ ಇರುವ, ಅಂದರೆ ಹರಿದ ಕರೆಂಟನ್ನೇ ಎಣಿಸುವ ಮೀಟರ್ ಹಾಕಿ, ಒಮ್ಮೆ ಪೂರ್ತಿ ಚಾರ್ಜ್ ಮಾಡಿ ಶೇ 100ಕ್ಕೆ ಹೊಂದಿಸಿ.

ಹೇಮಾವತಿ, ಯಗಚಿ ಜಲಾಶಯಗಳಿಗೆ ದೋಣಿ ಇಳಿಸುವ ಮುನ್ನ ಕಾವೇರಿ ನೀರಾವರಿ ನಿಗಮದ ಕಚೇರಿಯಲ್ಲಿ ಅನುಮತಿ ಕೇಳಿ. ಮೊದಲ ಸಲ ದಡದಿಂದ ನೂರು ಮೀಟರಿನೊಳಗೇ ಓಡಿಸಿ: ಫುಲ್ ಸ್ಪೀಡಿನಲ್ಲಿ ಹತ್ತು ನಿಮಿಷ ಬಿಟ್ಟು ಟರ್ಮಿನಲ್, ಬ್ರೇಕರ್, ಪ್ರತಿ ಜೋಡಣೆಯ ಇನ್ಸುಲೇಷನ್ ಮೇಲೆ ಕೈಯಿಟ್ಟು ನೋಡಿ. ಕೈ ಇಡಲಾರದಷ್ಟು ಬಿಸಿ ಇರುವ ಕಡೆ ಲಗ್ (ವೈರಿನ ತುದಿಯ ಲೋಹದ ಬಳೆ) ಸರಿಯಾಗಿ ಕ್ರಿಂಪ್ ಆಗಿಲ್ಲ, ಅಂದರೆ ವೈರಿಗೆ ಬಿಗಿಯಾಗಿ ಒತ್ತಿಕೊಂಡಿಲ್ಲ. ಅದನ್ನು ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿದ ಮೇಲೆಯೇ ದೂರ ಹೋಗಿ.